ಹುಳಿಯಾಗುವ ಮೊದಲಿನ ವಾರಗಳು

ಬೆಳಿಗ್ಗೆ ಎದ್ದು ಯಾರೊಡನೆಯೂ ಮಾತಾಡುವ ಮೊದಲು ಹುಳಿಯಕ್ಕ ಭರಣಿಗಳಿಗೆ ಕಿವಿಗೊಡುತ್ತಾಳೆ. ಮನೆಯ ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಸೊಂಟದೆತ್ತರದ ಭರಣಿಗಳು ಗೋಡೆಗುಂಟ ನಿಂತಿವೆ. ಒಂದೊಂದರ ಬಾಯಿಗೂ ತೆಳು ಬಟ್ಟೆ ಕಟ್ಟಿದೆ. ಆಕೆ ಮಂಡಿಯೂರಿ, ಕೂದಲನ್ನು ಹಿಂದಕ್ಕೆ ಸರಿಸಿ, ಭರಣಿಯ ಹೊಟ್ಟೆಗೆ ಕಿವಿಯೊತ್ತಿ ಕೇಳುತ್ತಾಳೆ. ಒಳಗೆ ದ್ರಾಕ್ಷಿ ರಸ ಸಣ್ಣಗೆ ಗುಸುಗುಸು ಎನ್ನುತ್ತಿದ್ದರೆ ಅದು ತನ್ನ ಕೆಲಸದಲ್ಲಿದೆ. ಸದ್ದು ನಿಂತಿದ್ದರೆ ಮುಂದಿನ ಕೆಲಸ ಆಕೆಯದು. ಜ್ವರ ಬಂದಿರಲಿ, ಮನೆ ತುಂಬ ನೆಂಟರಿರಲಿ, ಇದು ತಪ್ಪಿದ್ದಿಲ್ಲ. ಗಂಡ ತೀರಿಕೊಂಡ ಮರುದಿನವೂ ಹೋಗಿ ಕೂತಿದ್ದಳು ಎಂದು ಬೀದಿಯವರು ಆಡಿಕೊಂಡರು. ಆ ದಿನ ಆ ಮನೆಯಲ್ಲಿ ಒಬ್ಬಳೇ ಕೂರಲು ಬೇರೆ ಜಾಗವಿರಲಿಲ್ಲ ಎಂಬುದು ಆಡಿಕೊಂಡವರಿಗೆ ಹೊಳೆಯಲಿಲ್ಲ.

ಹುಳಿಯಕ್ಕ ಎಂಬುದು ಬೀದಿ ಇಟ್ಟ ಹೆಸರು. ಆಕೆ ವಿನೆಗರ್ ಮಾಡುವವಳು. ಮಾರುಕಟ್ಟೆಯಲ್ಲಿ ಉಳಿದ, ಪೆಟ್ಟಾದ ದ್ರಾಕ್ಷಿಯನ್ನು ತಂದು, ಕಿವುಚಿ, ಸೋಸಿ ಭರಣಿಗೆ ತುಂಬುತ್ತಾಳೆ. ಆದರೆ ದ್ರಾಕ್ಷಿ ರಸ ನೇರವಾಗಿ ವಿನೆಗರ್ ಆಗುವುದಿಲ್ಲ. ನಡುವೆ ಕೆಲವು ವಾರ ಅದು ಮದ್ಯವಾಗಿಯೇ ಇರಬೇಕು. ಆಮೇಲೆ ಹಳೆಯ ವಿನೆಗರಿನ ಮೇಲೆ ಕಟ್ಟಿದ, ನೆನೆದ ತೊಗಲಿನಂಥ ಪೊರೆಯೊಂದನ್ನು ಅದರಲ್ಲಿ ತೇಲಿಬಿಟ್ಟರೆ ನಿಧಾನವಾಗಿ ಹುಳಿಗೆ ತಿರುಗುತ್ತದೆ. ದೇವರು ಇಟ್ಟ ದಾರಿ ಅದೊಂದೇ. ಅದನ್ನು ಸರ್ಕಾರಕ್ಕೆ ಹೇಗೆ ತಿಳಿಸಿಹೇಳುವುದು ಎಂಬುದೇ ಆಕೆಯ ಬದುಕಿನ ತಲೆನೋವು.

ಈ ಊರಿನಲ್ಲಿ ಪಾನನಿಷೇಧ ಬಂದುಹೋಗುವ ನೆಂಟನಂತೆ. ಹುಳಿಯಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ಅದು ಇತ್ತು. ಪೊಲೀಸರು ಲಾಠಿ ಹಿಡಿದು ಬಂದರೆ ಅತ್ತೆ ಒಂದು ಲೋಟ ಹಳೆಯ ವಿನೆಗರನ್ನು ಅವರ ಮುಂದೆ ಹಿಡಿಯುತ್ತಿದ್ದರು. ಕುಡಿದು ಮುಖ ಕಿವುಚಿಕೊಂಡವನು ಉಳಿದ ಭರಣಿಗಳನ್ನು ಮುಟ್ಟದೆ ಹೋಗುತ್ತಿದ್ದ. ಆಮೇಲೆ ಬೊಕ್ಕಸ ಬರಿದಾಯಿತೆಂದು ಕಾನೂನನ್ನು ತೆಗೆದುಹಾಕಿದರು. ಮೂಲೆಗೊಂದು ಮದ್ಯದಂಗಡಿ ಎದ್ದಿತು. ಹುಳಿಯಕ್ಕನ ಗಂಡ ಬೀದಿ ಕೊನೆಯ ಅಂಗಡಿಯ ಖಾಯಂ ಗಿರಾಕಿಯಾದ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕುಡಿಯಲು ಮಂಚದ ಪಕ್ಕ ಬಾಟಲಿ ಇಟ್ಟುಕೊಂಡ. ಲಿವರ್ ಹಾಳಾಗಿ ಅದೇ ಮಂಚದಲ್ಲಿ ಹೋದ.

ಆಮೇಲೆಯೇ ಆಕೆ ಬೀದಿಗಿಳಿದದ್ದು. ನಿಷೇಧ ಮತ್ತೆ ಬರಲಿ ಎಂದು ಬೇರೆ ಹೆಂಗಸರ ಜೊತೆ ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತಳು. ಮೊದಲಿನ ಕಾನೂನಿನಲ್ಲಿ ಕ್ಲಬ್ಬಿಗೆ ರಿಯಾಯಿತಿ, ದೊಡ್ಡ ಹೋಟೆಲಿಗೆ ರಿಯಾಯಿತಿ ಎಂದು ತೂತುಗಳಿದ್ದವು. ಈ ಸಲ ತೂತೇ ಇರಬಾರದು ಎಂದು ಹಟ ಹಿಡಿದವಳು ಹುಳಿಯಕ್ಕನೇ. "ಯಾವ ಮನೇಲೇ ಆಗ್ಲಿ, ಯಾವ ಪಾತ್ರೇಲೇ ಆಗ್ಲಿ, ಯಾವ ಕಾರಣಕ್ಕೇ ಆಗ್ಲಿ, ಬೇಡ!" ಎಂದು ಆಕೆ ಕೂಗಿದರೆ ಉಳಿದವರು ದನಿಗೂಡಿಸುತ್ತಿದ್ದರು. ಗಂಟಲು ಕಟ್ಟಿಹೋಗಿ ವಾರಗಟ್ಟಲೆ ಸನ್ನೆಯಲ್ಲೇ ಮಾತಾಡಿದಳು.

ಕಾನೂನು ಬಂತು. ಅಂಗಡಿಗಳು ಮುಚ್ಚಿದವು. ಅದರ ಹಿಂದೆಯೇ ಸದ್ದಿಲ್ಲದೆ ಪರ್ಮಿಟ್ಟು ಎಂಬುದೂ ಬಂತು. ಕುಡಿಯದಿದ್ದರೆ ಆರೋಗ್ಯ ಕೆಡುತ್ತದೆ ಎಂದು ಡಾಕ್ಟರು ಬರೆದುಕೊಟ್ಟರೆ ಅಂಥವರು ತಾವು ಮಲಗುವ ಕೋಣೆಯಲ್ಲಿ ಮದ್ಯ ಇಟ್ಟುಕೊಳ್ಳಬಹುದು. ಊರಿನಲ್ಲಿ ಇಷ್ಟೊಂದು ಜನ ರೋಗಿಗಳಿದ್ದಾರೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಮಹಡಿಯ ಕೋಣೆಯಲ್ಲಿರುವ ಹುಳಿಯಕ್ಕನ ಮೈದುನನೂ ಒಬ್ಬ ರೋಗಿಯಾದ. ಅವನು ಮದುವೆಯಾದವನಲ್ಲ, ಗಡಿಯಾರ ರಿಪೇರಿ ಅವನ ಕೆಲಸ, ಬಾಯಿ ತೆರೆದರೆ ತಮಾಷೆ. ಅಣ್ಣ ಹೋದ ಮೇಲೆ ಕುಡಿತವನ್ನು ಅರ್ಧಕ್ಕರ್ಧ ಇಳಿಸಿದ್ದ. ಇನ್ನರ್ಧ ಇಳಿಸಲಾಗಿರಲಿಲ್ಲ.

"ಅತ್ತಿಗೆ, ನೋಡಿ, ಸರ್ಕಾರವೇ ಒಪ್ಕೊಂಡಿದೆ, ನಾನು ಕುಡೀದೇ ಇದ್ರೆ ಸಾಯ್ತೀನಂತೆ," ಎಂದು ಪರ್ಮಿಟ್ಟು ತೋರಿಸಿದ್ದ.

"ಕುಡಿದ್ರೂ ಸಾಯ್ತೀಯ. ಅದಕ್ಕೂ ಒಂದು ಕಾಗದ ಕೊಟ್ಟಿದಾರಾ ಕೇಳು."

ಭರಣಿಗಳು ನಡುವಿನ ವಾರಗಳಲ್ಲಿರುವಾಗ ಆಕೆ ಆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದು ಯಾರಿಗಾಗಿ ಎಂದು ಮೈದುನನಿಗೂ ಗೊತ್ತಿತ್ತು. ಅವನು ಬೇಸರಪಟ್ಟುಕೊಳ್ಳಲಿಲ್ಲ.

ಅಬಕಾರಿ ಇನ್ಸ್‌ಪೆಕ್ಟರ್ ಬಂದದ್ದು ಅಂಥದೇ ಒಂದು ವಾರದಲ್ಲಿ. ಸೇತುವೆ ಆಚೆ ಕಳ್ಳಭಟ್ಟಿ ಕಾಯಿಸುವವರು ಯಾರೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಹಣ್ಣಿನ ವಾಸನೆ ಬೀದಿಗೆ ಬರುವುದು ಈ ಮನೆಯಿಂದ. ಇನ್ಸ್‌ಪೆಕ್ಟರ್ ಭರಣಿಯೊಳಗೆ ಗಾಜಿನ ಕೊಳವೆ ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

"ಅಮ್ಮ, ಇದು ಇವತ್ತು ಏನು?"

"ಬರೋ ತಿಂಗಳು ವಿನೆಗರ್."

"ಬರೋ ತಿಂಗಳದ್ದು ನಾನು ಕೇಳ್ಲಿಲ್ಲ."

"ನಿಮ್ಮ ಮಗ ಮುಂದೆ ದೊಡ್ಡ ಮನುಷ್ಯ ಆಗ್ತಾನೆ ಅಂತಲ್ವಾ ಇವತ್ತು ಅನ್ನ ಹಾಕೋದು?"

"ಮಧ್ಯದಲ್ಲಿ ಅವನು ಕಳ್ಳನಾದ್ರೆ ಹಿಡ್ಕೊಂಡು ಹೋಗ್ತಾರಮ್ಮ. ಮುಂದೆ ಒಳ್ಳೆಯವನಾಗ್ತಾನೆ ಅಂದ್ರೆ ಬಿಡಲ್ಲ."

ಅವರು ಕೆಟ್ಟವರಲ್ಲ. ಕೂತು, ನೀರು ಕುಡಿದು, ಕಾನೂನಿನ ಪುಸ್ತಕ ತೆರೆದು ಓದಿದರು: ಯಾವುದೇ ಮನೆಯಲ್ಲಿ, ಯಾವುದೇ ಪಾತ್ರೆಯಲ್ಲಿ, ಯಾವುದೇ ಕಾರಣಕ್ಕಾಗಿ. ಹುಳಿಯಕ್ಕನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ನಿಂತಿದ್ದ ಮಗಳು ತಾಯಿಯ ಮುಖ ನೋಡಿ, ನಗು ತಡೆಯಲಾರದೆ ಅಡುಗೆಮನೆಗೆ ಹೋದಳು.

"ಹಿಂದೆ ಒಂದು ದೊಡ್ಡ ದೇಶದಲ್ಲೂ ನಿಷೇಧ ಇತ್ತು," ಎಂದರು ಇನ್ಸ್‌ಪೆಕ್ಟರ್, ಸಮಾಧಾನ ಹೇಳುವವರಂತೆ. "ಅಲ್ಲಿ ವಿನೆಗರಿಗೆ ವಿನಾಯ್ತಿ ಕೊಟ್ಟಿದ್ರು. ದ್ರಾಕ್ಷಿ ರಸಾನ ಇಟ್ಟಿಗೆ ಥರ ಗಟ್ಟಿ ಮಾಡಿ ಮಾರ್ತಿದ್ರಂತೆ. ನೀರಲ್ಲಿ ಕರಗಿಸಿ ಕಪಾಟಲ್ಲಿ ಇಡಬೇಡಿ, ಮದ್ಯ ಆಗಿಬಿಡತ್ತೆ ಅಂತ ಎಚ್ಚರಿಕೆ ಬೇರೆ. ಜನ ಆ ಎಚ್ಚರಿಕೆ ಓದ್ಕೊಂಡೇ ಮಾಡೋದು ಕಲಿತ್ರು."

"ಆ ದೇಶದ ಕಾನೂನಿಂದ ವಿನೆಗರಿನ ಸಾಲೊಂದನ್ನ ತಂದು ಈ ಪುಸ್ತಕದಲ್ಲಿ ಹಾಕಿ."

"ಅಲ್ಲಿ ಆ ಕಾನೂನೇ ಹೋಗಿ ಎಷ್ಟೋ ಕಾಲ ಆಯ್ತಲ್ಲಮ್ಮ." ಶನಿವಾರದವರೆಗೆ ಗಡುವು ಕೊಟ್ಟು ಎದ್ದರು. ಅಷ್ಟರಲ್ಲಿ ಏನಾದರೂ ಅನುಮತಿ ತರಬೇಕು, ಇಲ್ಲದಿದ್ದರೆ ಎಲ್ಲವನ್ನೂ ಚರಂಡಿಗೆ ಸುರಿಯಬೇಕು.

ಪೊರೆಯನ್ನೇನೋ ಹಳೆಯ ವಿನೆಗರಿನ ಬಾಟಲಿಯಲ್ಲಿ ಉಳಿಸಿಕೊಳ್ಳಬಹುದಿತ್ತು. ಆದರೆ ದ್ರಾಕ್ಷಿಯ ಕಾಲ ಮುಗಿದಿತ್ತು. ಈ ಭರಣಿಗಳು ಹೋದರೆ ಮುಂದಿನ ಹಂಗಾಮಿನವರೆಗೆ ಮಾರಲು ಏನೂ ಇಲ್ಲ. ಉಪ್ಪಿನಕಾಯಿ ಮಾಡುವ ಗಿರಾಕಿ ಒಮ್ಮೆ ಕಾರ್ಖಾನೆಯ ಮಾಲು ಹಿಡಿದನೆಂದರೆ ಮತ್ತೆ ಈ ಬಾಗಿಲಿಗೆ ಬರುವವನಲ್ಲ.

ಹುಳಿಯಕ್ಕ ಅಬಕಾರಿ ಕಚೇರಿಗೆ ಹೋದಳು. ಒಂದೇ ಕಿಟಕಿ ತೆರೆದಿತ್ತು, ಅದರ ಮುಂದೆ ಪರ್ಮಿಟ್ಟಿನ ಸಾಲು. ಸಾಲಿನಲ್ಲಿ ಕೆಂಪು ಕಣ್ಣಿನ ರೋಗಿಗಳು ಹರಟೆ ಹೊಡೆಯುತ್ತಾ ನಿಂತಿದ್ದರು. ಆಕೆಯ ಸರದಿ ಬಂದಾಗ ಗುಮಾಸ್ತ ಎಲ್ಲವನ್ನೂ ಕೇಳಿಸಿಕೊಂಡ.

"ಹುಳಿ ಮಾಡೋರಿಗೆ ನಮ್ಮಲ್ಲಿ ಏನೂ ಇಲ್ಲ ತಾಯಿ. ಕುಡಿಯೋ ಕಾಯಿಲೆ ಇದ್ರೆ ಹೇಳಿ, ಇವತ್ತೇ ಮಾಡಿಸಿಕೊಡ್ತೀನಿ."

"ನನಗೆ ಕಾಯಿಲೆ ಇಲ್ಲ."

"ಅದೇ ನೋಡಿ ತೊಂದರೆ," ಎಂದು ಅವನು ಪ್ರಾಮಾಣಿಕವಾಗಿ ಮರುಕಪಟ್ಟ.

ಮನೆಗೆ ಬಂದು ಆಕೆ ಪಾತ್ರೆಗಳನ್ನು ಕುಕ್ಕಿದ ಸದ್ದು ಮೂರು ಮನೆಯಾಚೆಗೂ ಕೇಳಿಸಿತು. ಕಾನೂನನ್ನು ಬೈದಳು, ಅದನ್ನು ಕೇಳಿ ಪಡೆದ ತನ್ನನ್ನೂ ಬೈದುಕೊಂಡಳು. ದೀಪ ಹಚ್ಚಿ ಕೈಮುಗಿದವಳು ದೇವರನ್ನೂ ಬಿಡಲಿಲ್ಲ: "ನೇರವಾಗಿ ಹುಳಿಯಾಗೋ ಹಾಗೆ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಶನಿವಾರ ಇನ್ಸ್‌ಪೆಕ್ಟರ್ ಇಬ್ಬರು ಪೇದೆಗಳೊಂದಿಗೆ ಬಂದರು. ಪೇದೆಗಳು ಅಂಗಿಯ ತೋಳು ಮಡಿಸಿ ಭರಣಿಗಳ ಕೋಣೆಯತ್ತ ಹೆಜ್ಜೆಯಿಡುವಷ್ಟರಲ್ಲಿ ಮೈದುನ ಮಹಡಿಯಿಂದ ಇಳಿದುಬಂದ. ತಲೆ ಬಾಚಿದ್ದ, ಒಗೆದ ಅಂಗಿ ತೊಟ್ಟಿದ್ದ.

"ಸಾರ್, ಪರ್ಮಿಟ್ಟು ಇರೋನ ಕೋಣೇಲಿ ಮದ್ಯ ಇದ್ರೆ ತಪ್ಪಾ?"

"ಇಲ್ಲ."

"ಹಾಗಾದ್ರೆ ಈ ಭರಣಿಗಳು ನನ್ನವು. ಮೇಲಕ್ಕೆ ಹೊತ್ಕೊಂಡು ಹೋಗೋಣ. ನನ್ನ ಮಂಚದ ಪಕ್ಕ ಬೇಕಾದಷ್ಟು ಜಾಗ ಇದೆ. ಬರೋ ತಿಂಗಳು ಹುಳಿಯಾದ ಮೇಲೆ ಅತ್ತಿಗೆ ಇಳಿಸ್ಕೊಳ್ತಾರೆ."

ಇನ್ಸ್‌ಪೆಕ್ಟರ್ ಪುಸ್ತಕ ತಿರುವಿ ನೋಡಿದರು. ಅವರ ಮುಖ ಅರಳಿತು. "ಆಗತ್ತಮ್ಮ! ಕಾನೂನಲ್ಲಿ ಅಡ್ಡಿ ಇಲ್ಲ. ನನಗೂ ಇದನ್ನ ಸುರಿಸೋ ಪಾಪ ತಪ್ಪತ್ತೆ."

"ಒಪ್ಕೋ ಅಮ್ಮ," ಎಂದಳು ಮಗಳು. "ವರ್ಷದ ಅನ್ನ. ಚಿಕ್ಕಪ್ಪ ತಾನಾಗೇ ಕೇಳ್ತಿದಾರೆ."

ಮೈದುನ ಹತ್ತಿರ ಬಂದು ದನಿ ತಗ್ಗಿಸಿದ. ತಮಾಷೆಯೆಲ್ಲ ಇಳಿದುಹೋಗಿತ್ತು. "ಅತ್ತಿಗೆ, ಒಂದು ತೊಟ್ಟೂ ಮುಟ್ಟಲ್ಲ. ಅಣ್ಣನ ಆಣೆ. ಇಷ್ಟು ವರ್ಷ ನಿಮ್ಮ ಕೈ ಊಟ ಉಂಡಿದೀನಿ. ಇದೊಂದು ಮಾಡ್ತೀನಿ, ಬೇಡ ಅನ್ಬೇಡಿ."

ಹುಳಿಯಕ್ಕ ಅವನನ್ನು ನೋಡಿದಳು. ತಲೆಯೇನೋ ನೀಟಾಗಿ ಬಾಚಿತ್ತು, ಕೈಬೆರಳುಗಳು ಮಾತ್ರ ಆಗಲೇ ಸಣ್ಣಗೆ ನಡುಗುತ್ತಿದ್ದವು. ಬೆಳಿಗ್ಗೆಯಿಂದ ಕುಡಿದಿರಲಿಲ್ಲ.

"ನೀನು ಮುಟ್ಟಲ್ಲ ಅಂತ ನಂಬ್ತೀನಿ ಕಣೋ. ಮುಟ್ಟದೇ ಒಂದು ತಿಂಗಳು ಆ ವಾಸನೇಲಿ ಮಲಗ್ತೀಯಲ್ಲ, ಅದನ್ನ ನಾನು ಕೆಳಗೆ ಮಲಗಿ ಹೇಗೆ ಸಹಿಸ್ಲಿ? ನಿನ್ನಣ್ಣನ ಮಂಚದ ಪಕ್ಕ ಇದ್ದದ್ದು ಸಾಕಾಗಿದೆ ನನಗೆ. ಬೇಡ."

"ಅಮ್ಮ, ಯೋಚನೆ ಮಾಡಿ," ಎಂದರು ಇನ್ಸ್‌ಪೆಕ್ಟರ್. "ಇನ್ನೂ ಎರಡು ದಿನ ಬೇಕಾದ್ರೂ ಕೊಡ್ತೀನಿ."

"ನಿಮ್ಮ ದಿನಾನೂ ಬೇಡ ಸ್ವಾಮಿ. ಎರಡು ದಿನದಲ್ಲಿ ಅದೂ ಹುಳಿಯಾಗಲ್ಲ, ನೀವೂ ಬದಲಾಗಲ್ಲ." ಆಕೆ ಸೊಂಟದ ಕೀಲಿ ತೆಗೆದು ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು. "ಸುರೀರಿ. ಆದ್ರೆ ಮೆಲ್ಲಗೆ ಬಗ್ಗಿಸಿ. ಭರಣಿ ಒಡೆದ್ರೆ ನಿಮ್ಮ ಕಾನೂನು ತಂದುಕೊಡಲ್ಲ."