ಅಮ್ಮ ಕುರ್ಚಿಯಲ್ಲಿ ಕೂತ ಪಟ

ಆ ಕಾಲದಲ್ಲಿ ದೊಡ್ಡವರ ಮುಖ ಗೋಡೆಗೇರಬೇಕಾದರೆ ಪೇಂಟರ್ ಕೈಯಿಂದಲೇ ಏರಬೇಕಿತ್ತು. ಹುತ್ತೂರಿನ ಹತ್ತಿರದ ನಮ್ಮೂರ ಪಂಚಾಯಿತಿ ಕಚೇರಿಯಲ್ಲಿ ಮಹಾರಾಜರದೊಂದು ಪಟವಿತ್ತು. ಸರಿಸಿ ಕಟ್ಟಿದ ಕೆಂಪು ಪರದೆ, ಸಿಂಹದ ಕಾಲಿನ ಕುರ್ಚಿ, ಕತ್ತಿಯ ಮೇಲೆ ಕೈ. ಅದರ ಪಕ್ಕದಲ್ಲಿ ಹಿಂದಿನ ಅಧ್ಯಕ್ಷರೆಲ್ಲ ಅದೇ ಪರದೆಯ ಮುಂದೆ, ಅದೇ ಕುರ್ಚಿಯಲ್ಲಿ ಕೂತಿದ್ದರು. ಕತ್ತಿಯ ಬದಲು ಊರುಗೋಲು, ಅಷ್ಟೇ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮ ಅಧ್ಯಕ್ಷೆಯಾದಳು. ಹೆಂಗಸೊಬ್ಬಳು ಆ ಸಾಲಿಗೆ ಸೇರಿದ್ದು ಅದೇ ಮೊದಲು. ಕುಂಟೆಬಿಲ್ಲೆ ಆಡುವಾಗಲೆಲ್ಲ ಗೆಳತಿ ಗಿರಿಜ, "ನಿಮ್ಮಮ್ಮ ಬರೀ ಹೆಸ್ರಿಗೆ ಕಣೇ, ಆಳೋದು ನಿಮ್ಮಪ್ಪ" ಎಂದು ಚುಚ್ಚುತ್ತಿದ್ದಳು. ಅಮ್ಮನ ಪಟ ಬಂದರೆ ಇವಳ ಬಾಯಿ ಮುಚ್ಚುತ್ತದೆಂದು ಕಾದಿದ್ದೆ.

ರಾಯಲ್ಪಾಡಿನ ಪೇಂಟರ್ ಬಂದ ದಿನ ನಮ್ಮ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಹಿಪ್ಪುನೇರಳೆ ಸೊಪ್ಪು, ಒಲೆಯ ಮೇಲಿನ ಬಸ್ಸಾರು, ಅವನ ಟರ್ಪೆಂಟೈನ್, ಎಲ್ಲದರ ವಾಸನೆ ಒಂದಾಗಿತ್ತು. ಅಂಗಳದಲ್ಲಿ ಕುರ್ಚಿ ಹಾಕಿಸಿ ಅವನು ಅಪ್ಪನನ್ನು ಕರೆದ.

"ಅಣ್ಣಾ, ನೀವು ಕೂತ್ಕೊಳ್ಳಿ. ಅಕ್ಕ ಪಕ್ಕದಲ್ಲಿ ನಿಂತ್ಕೊಳ್ಲಿ."

"ಅಧ್ಯಕ್ಷೆ ಅವಳಲ್ವೇನಯ್ಯಾ?" ಎಂದ ಅಪ್ಪ.

"ರಾಜರ ಪಟ ಎಷ್ಟು ಬರ್ದಿದೀನಿ ನಾನು! ರಾಣೆಮ್ಮ ನಿಂತೇ ಇರ್ಬೇಕು, ಕೈಯಲ್ಲೊಂದು ಹೂವ. ಕೂತೋರೇ ದೊಡ್ಡೋರು ಅಂತ ನೋಡೋರಿಗೆ ಗೊತ್ತಾಗ್ಬೇಕಲ್ಲಣ್ಣಾ."

ಅಪ್ಪ ಮೀಸೆ ಸವರಿಕೊಂಡು ಕೂತೇಬಿಟ್ಟ. ನನಗೆ ಅಳುವೇ ಬಂತು.

ಹುಳದ ಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ರೀ, ಏಳಿ ಮೇಲೆ. ಒಂದ್ಗಳಿಗೆ ಕೂತಿದ್ದು ಎದ್ದು ಹೋಗ್ತೀನಿ. ನಿಮ್ ನಾಟ್ಕ ನೋಡ್ಕೊಂಡ್ ನಿಂತ್ಕೊಳ್ಳಕ್ಕೆ ನಂಗೆ ಪುರ್ಸೊತ್ತಿಲ್ಲ."

ಅಪ್ಪ ಅವಳ ಮುಖ ನೋಡಿದ. ಆಮೇಲೆ ನಗುತ್ತಾ ಎದ್ದು, ಹೆಗಲ ಟವೆಲಿನಿಂದ ಕುರ್ಚಿ ಒರೆಸಿದ. "ಕೂತ್ಕೊಳಮ್ಮಾ ಅಧ್ಯಕ್ಷೆ!"

ಅಬ್ಬಾ, ಆಗ ನಾನು ಉಸಿರು ಬಿಟ್ಟೆ.

"ಅಯ್ಯೋ ದೇವುಡಾ, ಹೂವಾದ್ರೂ ಹಿಡ್ಕೊಳ್ಳಕ್ಕಾ" ಎಂದ ಪೇಂಟರ್.

"ಹೂವ ಹಿಡ್ಕೊಂಡು ಯಾವ ಕಾಗ್ದಕ್ಕೆ ಸೈನ್ ಹಾಕ್ಲಿ? ಪೆನ್ನು ಬರಿ."

ಕಚೇರಿಯ ಗೋಡೆಗೇರಿದ ಆ ಪಟವನ್ನು ಗಿರಿಜ ಬಹಳ ಹೊತ್ತು ನೋಡಿದಳು. "ನಿಮ್ಮಪ್ಪ ಎಲ್ಲೇ?"

"ಮನೇಲಿ. ಹುಳಕ್ಕೆ ಸೊಪ್ಪು ಹಾಕ್ತಾವ್ನೆ."

ಮುಂದೆ ನಾನು ಡಿಗ್ರಿ ಮಾಡಿದೆ, ನಮ್ಮ ಮನೆತನದಲ್ಲೇ ಮೊದಲನೆಯವಳು. ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ಪಟಗಳೆಲ್ಲ ಏನಾದವೋ, ಕೇಳಿದರೆ ಹೇಳುವವರಿಲ್ಲ. ಅಪ್ಪನೂ ಇಲ್ಲ. ಈಗ ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿರುತ್ತಾರೆ: ಅಧ್ಯಕ್ಷೆಯ ಮುಖ ಅಂಗೈಯಷ್ಟು, ಗಂಡನದು ಮೊರದಷ್ಟು. ಅದನ್ನು ನೋಡಿದಾಗಲೆಲ್ಲ, ಒಂದೇ ಮಾತಿಗೆ ನಗುತ್ತಾ ಎದ್ದ ಅಪ್ಪನಂಥವರು ಎಷ್ಟು ಕಡಿಮೆಯಾದರು ಅನ್ನಿಸುತ್ತದೆ.