ದೊಡ್ಡಕ್ಕ ಯಾರನ್ನೂ ಮಾತಾಡಿಸುತ್ತಿರಲಿಲ್ಲ

ದೊಡ್ಡಕ್ಕ ಕುಳ್ಳಿ. ಬೀರುವಿನ ಮೇಲಿನ ಹಲಗೆಯಿಂದ ಫೈಲು ಇಳಿಸಬೇಕೆಂದರೆ ಕುರ್ಚಿ ಹತ್ತಬೇಕು. ಆದರೂ ಆಫೀಸಿಗೆಲ್ಲ ದೊಡ್ಡಕ್ಕನೇ. ಅವರ ಹಿಂದೆಮುಂದೆ ಸುತ್ತುತ್ತ ಕೆಲಸ ಕಲಿತವಳು ಅವರಿಗಿಂತ ಮೊಳ ಎತ್ತರ, ಅವಳು ಚಿಕ್ಕಕ್ಕ. ಇಬ್ಬರೂ ಜೊತೆಯಲ್ಲಿ ಹೊರಟರೆ ಜವಾನನೂ ನಗುತ್ತಿದ್ದ.

ಇಬ್ಬರದೂ ಪ್ರೊಬೇಷನ್ ಕೆಲಸ. ತಪ್ಪು ಮಾಡಿದವರನ್ನು ಜೈಲಿಗೆ ಅಟ್ಟದೆ ಕೋರ್ಟು ಷರತ್ತು ಹಾಕಿ ಮನೆಗೆ ಬಿಡುತ್ತದಲ್ಲ, ಅಂಥವರ ಮೇಲೆ ಕಣ್ಣಿಡುವುದು. ಕಣ್ಣಿಡುವುದು ಅನ್ನುವುದೆಲ್ಲ ಕಾಗದದ ಮಾತು ಬಿಡಿ. ದೊಡ್ಡಕ್ಕ ಅವರ ಮನೆಗೇ ಹೋಗಿ, ಅಡುಗೆಮನೆಯ ಗೋಡೆಗೆ ಒರಗಿ ಕೂತು, ತಾಯಿಯ ಮಂಡಿನೋವಿನಿಂದ ಮಾತು ತೆಗೆಯುತ್ತಿದ್ದರು. ಮಗನಿಗೊಂದು ಕೆಲಸ ಕೊಡಿಸಲು ಬೀದಿ ಬೀದಿ ಅಲೆಯುತ್ತಿದ್ದರು. ಕೊಡಿಸಿದ ಕೆಲಸಕ್ಕೆ ಚಕ್ಕರ್ ಹೊಡೆದನೋ, ಚಳಿ ಬಿಡಿಸುತ್ತಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. "ಕೇಸು ಮುಗೀತು ಅಂದ್ರೆ ನಾವು ಯಾರೋ, ಅವರು ಯಾರೋ. ಅವರಾಗಿ ಮಾತಾಡಿಸಿದ್ರೆ ಸರಿ. ಇಲ್ಲಾಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾ ಇರ್ಬೇಕು. ಪಕ್ಕದಲ್ಲಿ ಹೆಂಡತಿ ಇರ್ತಾಳೆ, ಅತ್ತೆ ಇರ್ತಾಳೆ. ನಮ್ಮ ಒಂದು ನಮಸ್ಕಾರಕ್ಕೆ ಅವರ ಸಂಸಾರ ಮುಳುಗಬಾರದು."

ಹೇಳಿದ ಹಾಗೆಯೇ ನಡೆದರು. ಮಾರುಕಟ್ಟೆಯ ಅರ್ಧ ಜನ ಅವರ ಕೈಯಲ್ಲಿ ಹಾದುಹೋದವರು, ಇವರು ಮಾತ್ರ ತಲೆ ತಗ್ಗಿಸಿ ತರಕಾರಿ ಆರಿಸುತ್ತಿದ್ದರು. ಜಂಬದ ಕೋಳಿ ಅನ್ನಿಸಿಕೊಂಡರು. ಮದುವೆ ಮಾಡಿಕೊಂಡಿರಲಿಲ್ಲ, ಮನೆಗೆ ಬಂದುಹೋಗುವವರೂ ಇರಲಿಲ್ಲ.

ಅಂಥವರು ಆಸ್ಪತ್ರೆ ಸೇರಿ, ಸದ್ದಿಲ್ಲದೆ ಹೋಗಿಬಿಟ್ಟರು. ಅವರ ಕುರ್ಚಿಗೆ ಹೊಸಬ ಬಂದ. ಒಳ್ಳೆಯವನೇ, ಪಾಪ, ಆದರೆ ದೊಡ್ಡಕ್ಕ ಅವನಿಗೆ ಹಳೆಯ ಫೈಲುಗಳಲ್ಲಿ ಕಾಣುವ ಬರೀ ಒಂದು ಸಹಿ. ಚಿಕ್ಕಕ್ಕನಿಗೆ ಅವರ ಬಗ್ಗೆ ಯಾರ ಹತ್ತಿರವಾದರೂ ಬಾಯಿ ತುಂಬ ಮಾತಾಡಬೇಕು ಅನ್ನಿಸುತ್ತಿತ್ತು. ಯಾರ ಹತ್ತಿರ? ಅವರನ್ನು ನಿಜವಾಗಿ ಬಲ್ಲವರೆಲ್ಲ ಇವಳು ಮಾತಾಡಿಸಬಾರದ ಜನ. ಒಂಟಿ ಕೋಣೆಗೆ ಬಂದು ಬೀಗ ತೆಗೆಯುವಾಗ ದಿನವೂ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ದರ್ಜಿಯ ಅಂಗಡಿಗೆ ಹೋದಳು. ಅವನು ದೊಡ್ಡಕ್ಕನ ಹಳೆಯ ಕೇಸು, ಅವರ ಜೊತೆ ಹೋಗುತ್ತಿದ್ದ ಇವಳನ್ನೂ ಬಲ್ಲ. ಬ್ಯಾಗಿನ ಜಿಪ್ಪು ಕೆಟ್ಟಿತ್ತು ಅನ್ನುವುದು ನಿಜ, ನೆಪವೂ ಆಯಿತು. ಅವನು ಮಾತಾಡಿಸದಿದ್ದರೆ ಸುಮ್ಮನೆ ವಾಪಸು ಬರುವುದು ಎಂದುಕೊಂಡಿದ್ದಳು. ಮೂಲೆಯಲ್ಲಿ ಅವನ ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

ದರ್ಜಿ ಬ್ಯಾಗು ತೆಗೆದುಕೊಂಡು ಹೊಲಿಯಲು ಕೂತ. ಕತ್ತೆತ್ತದೆ ಕೇಳಿದ, "ದೊಡ್ಡಕ್ಕ ಹೇಗಿದ್ದಾರೆ?"

ಚೆನ್ನಾಗಿದ್ದಾರೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಸುಳ್ಳಿಗೆ ಅವಳ ನಾಲಿಗೆ ಹೊರಳಲಿಲ್ಲ.

"ಹೋಗ್ಬಿಟ್ರು," ಅಂದಳು.

ಮಿಷನ್ನು ನಿಂತಿತು.

"ಯಾರ್ರೀ ಹೋಗಿದ್ದು?" ಹೆಂಡತಿ ಕೇಳಿದಳು.

ದೊಡ್ಡಕ್ಕ ಒಬ್ಬಂಟಿಯಾಗಿ ಬದುಕಿ ಕಾಪಾಡಿದ ಗುಟ್ಟನ್ನು ತಾನು ಹಾಳು ಮಾಡುತ್ತಿದ್ದೇನೆ ಅನ್ನಿಸಿತು ಚಿಕ್ಕಕ್ಕನಿಗೆ. ಬಾಗಿಲ ಕಡೆ ತಿರುಗಿ, "ಆಮೇಲೆ ಬರ್ತೀನಿ ಬಿಡಿ," ಅಂದಳು.

"ಕೂತ್ಕೊಳ್ಳಿ," ಅಂದ ದರ್ಜಿ. ಹೆಂಡತಿಯ ಕಡೆ ತಿರುಗಿದ. "ಮದುವೆಗೆ ಮುಂಚೆ ನಾನು ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದೆ. ಜೈಲಿಗೆ ಹೋಗದೆ ಇರೋ ಹಾಗೆ ನೋಡ್ಕೊಂಡಿದ್ದು ಈ ದೊಡ್ಡಕ್ಕ. ಈ ಕೆಲಸಕ್ಕೆ ಹಚ್ಚಿದ್ದೂ ಅವರೇ. ನಿಂಗೆ ಹೇಳಿರ್ಲಿಲ್ಲ." ಬ್ಯಾಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

ಹೆಂಡತಿ ಗಂಡನತ್ತ ನೋಡಲೇ ಇಲ್ಲ. ಚಿಕ್ಕಕ್ಕನನ್ನೇ ದಿಟ್ಟಿಸಿದಳು.

"ಇಷ್ಟು ವರ್ಷ ಇಲ್ಲದವರು ಇವತ್ತು ಯಾಕೆ ಬಂದ್ರಿ?"

ಹೇಳಲು ಜಿಪ್ಪಿನ ನೆಪ ಇನ್ನೂ ಇತ್ತು. ಚಿಕ್ಕಕ್ಕ ಅದನ್ನು ಹೇಳಲಿಲ್ಲ. "ಅವರ ವಿಷಯ ಮಾತಾಡೋಕೆ ನಂಗೆ ಯಾರೂ ಇಲ್ಲ," ಅಂದಳು.

ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು, ಸ್ಟೂಲನ್ನು ಚಿಕ್ಕಕ್ಕನ ಹತ್ತಿರಕ್ಕೆ ಎಳೆದುಕೊಂಡಳು.

"ನನ್ನ ಗಂಡನ್ನ ನನಗಿಂತ ಚೆನ್ನಾಗಿ ಬಲ್ಲವರು," ಅಂದಳು. "ಹೇಗಿದ್ರು ಅವರು? ಹೇಳಿ."