ಕಣ್ಣಿದ್ದ ಹೊಟ್ಟು

ಬೆಳಿಗ್ಗೆ ಅಂಗಿ ಒಗೆದು ಹರವಿದೆ, ಚಪ್ಪಲಿಗೆ ಮೊಳೆ ಹೊಡೆಸಿದೆ, ಮನೆಗೆ ಕಾರ್ಡು ಬರೆದೆ, ರೋಣದಿಂದ ನರಗುಂದಕ್ಕೆ ಬಸ್ಸು ಹಿಡಿದೆ. ಕಾರವಾರದ ಮೀನು ಸಂಶೋಧಕನಿಗೆ ಈ ಎರೆಭೂಮಿಯಲ್ಲಿ ಏನು ಕೆಲಸ ಎನ್ನಬೇಡಿ. ಸಣ್ಣಕಣ್ಣಿನ ಬಲೆಗೆ ಬಿದ್ದ ಮೀನುಮರಿಗಳನ್ನು ಒಣಗಿಸಿ ಗೊಬ್ಬರವೆಂದು ಇಲ್ಲಿಗೆ ಸಾಗಿಸುತ್ತಾರೆ. ನಾವು ಮರಿ ಹಿಡಿಯುವುದೇ ಇಲ್ಲ ಎಂದು ಬಲೆಯವರು ಆಣೆಯಿಟ್ಟರೆ ನಮ್ಮ ಮೇಲಿನವರು ನಂಬುತ್ತಾರೆ. ಇದು ಮೀನುಮರಿಯೇ ಎಂದು ಗೊಬ್ಬರ ಮಾರುವವರ ರುಜು ತಂದರಷ್ಟೇ ಆ ಬಲೆ ನಿಲ್ಲಿಸುತ್ತಾರಂತೆ.

ಪೇಟೆಯಲ್ಲಿ ಗೊಬ್ಬರದ ವ್ಯಾಪಾರಿ ವೀರಪ್ಪನವರ ಅಂಗಡಿಯ ಚೀಲಕ್ಕೆ ಕೈಹಾಕಿದೆ. ಬೆರಳುಗುರಿನಷ್ಟು ತಾರ್ಲೆ ಮೀನಿನ ಮರಿಗಳು, ನಡುವೆ ಒಂದು ಒಣಗಿದ ಕಡಲಕುದುರೆ. ಒಂದು ಸಲವೂ ಮೊಟ್ಟೆಯಿಡದೆ ಸತ್ತವು.

"ಮೀನುಮರಿ ಅಂತ ಬರೆದು ರುಜು ಹಾಕಿ" ಎಂದೆ.

"ಹೊಟ್ಟು ಅನ್ರಿ ಸಾಹೇಬ್ರ! ಪೂಜಾ ಮಾಡಿದ ಅಂಗಡ್ಯಾಗ ಆ ಹೆಸರ ಎತ್ತಬ್ಯಾಡ್ರಿ."

"ಮಾರಬಹುದು, ಹೆಸರು ಹೇಳಬಾರದೇ?" ನನ್ನ ಧ್ವನಿ ಏರಿತು.

"ಊರ ತುಂಬ ಹೊಟ್ಟು ಅಂತಾರ್ರಿ. ನಾ ಒಬ್ಬನ ಯಾಕ ಹೊಲಸ ಆಗ್ಲಿ?"

ಒಳಗೆ ಕಾಳು ಆರಿಸುತ್ತಿದ್ದ ಅವರ ತಾಯಿ ಎದ್ದುಬಂದು ನನ್ನ ಅಂಗೈಯಲ್ಲಿದ್ದ ಮರಿಗಳನ್ನು ನೋಡಿದರು. "ಯಪ್ಪಾ ವೀರಪ್ಪಾ, ಹೊಟ್ಟಿಗೆ ಎಲ್ಲ್ಯರ ಕಣ್ಣ ಇರ್ತಾವೇನೋ?"

ವೀರಪ್ಪ ಹಾಳೆ ಎಳೆದುಕೊಂಡು ಬರೆದುಕೊಟ್ಟರು: 'ಕಣ್ಣಿದ್ದ ಹೊಟ್ಟು, ಒಂದು ಹಿಡಿ.' ಕೆಳಗೆ ರುಜು. ಮೇಲಿನವರು ಇದನ್ನೂ ಬರೀ ಹೊಟ್ಟು ಎಂದೇ ಓದಿಯಾರು.

ಮಧ್ಯಾಹ್ನದ ಊಟ ಅವರಲ್ಲಿಯೇ ಆಯಿತು. ಆ ಒಂದು ಹಿಡಿ ಮರಿಗಳ ಪೊಟ್ಟಣವನ್ನು ಮನೆಯೊಳಗೆ ತರುವಂತಿಲ್ಲವೆಂದು ಹೊರಗಿನ ಬೇವಿನ ಕೊಂಬೆಗೆ ಕಟ್ಟಿದ್ದೆ. ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಮೊಸರು. ಉಂಡು ಗೋಡೆಗೊರಗಿದವರಲ್ಲಿ ಮೊದಲು ನಿದ್ದೆ ಹೋದವರು ವೀರಪ್ಪ.